ಹುಲ್ಲುಹಾಸಿನ ಅಂಚಿಗೆ ಹೂಗಿಡಗಳ ಮಡಿ

ಬೆಂಗಳೂರು, ಮೈಸೂರು ಕಡೆಯ ಕೆಂಪುಮಣ್ಣಿನಲ್ಲಿ ಇಂಥ ಮಡಿಗಳನ್ನು ಹಾಳುಮಾಡುವುದು ಗರಿಕೆ. ಅದನ್ನು ಮೊದಲೇ ಬೇರುಸಹಿತ ತೆಗೆಯದೆ ಗಿಡ ನೆಟ್ಟರೆ, ಆಮೇಲೆ ದಾಸವಾಳದ ಬುಡದೊಳಗೆ ಹೆಣೆದುಕೊಂಡ ಬೇರನ್ನು ಬಿಡಿಸುವುದು ಅಸಾಧ್ಯ.

ಏಪ್ರಿಲ್–ಮೇ ತಿಂಗಳಲ್ಲಿ, ನೀರಿನ ಪೈಪನ್ನು ನೆಲದ ಮೇಲೆ ಬಳಸಿಟ್ಟು ಅಂಚಿನ ಗೆರೆ ನೋಡಿಕೊಳ್ಳಿ. ಅಗಲ 5 ಅಡಿಯಾದರೂ ಇರಲಿ. 2 ಅಡಿಯ ಮಡಿಯಲ್ಲಿ ಗಿಡಗಳು ಬೇಗ ಹುಲ್ಲಿನ ಮೇಲೆ ಬಾಗುತ್ತವೆ, ಅವನ್ನು ಸದಾ ಕತ್ತರಿಸುತ್ತಲೇ ಇರಬೇಕಾಗುತ್ತದೆ. ಹುಲ್ಲನ್ನು 2 ಇಂಚು ದಪ್ಪಕ್ಕೆ ಸಲಿಕೆಯಿಂದ ಹೆರೆದು ತೆಗೆದು, ಒಂದೂವರೆ ಅಡಿ ಆಳ ಅಗೆಯಿರಿ. ಬಿಳಿಯ ಗೆಣ್ಣುಬೇರಿನ ಚೂರೊಂದು ಉಳಿದರೂ ಚಿಗುರುತ್ತದೆ, ಕೈಯಿಂದಲೇ ಆರಿಸಿ. ಎರಡು ಮೂರು ವಾರ ಬಿಸಿಲಿಗೆ ಬಿಟ್ಟು, ಮಳೆ ಬಿದ್ದ ಮೇಲೆ ಚಿಗುರಿದ್ದನ್ನು ಮತ್ತೊಮ್ಮೆ ಕೀಳಿ.

20 ಅಡಿ ಉದ್ದ, 5 ಅಡಿ ಅಗಲದ ಮಡಿಗೆ 50 ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, 2 ಕಿಲೋ ಬೇವಿನ ಹಿಂಡಿ ಸಾಕು. ಹಸಿ ಗೊಬ್ಬರ ಹಾಕಿದರೆ ಗೊಣ್ಣೆಹುಳು ಬಂದು ಬೇರು ತಿನ್ನುತ್ತದೆ.

ಜೂನ್–ಜುಲೈ ಮಳೆಯಲ್ಲಿ ನೆಡಿ. ಹಿಂದಿನ ಸಾಲಿಗೆ ದಾಸವಾಳ, ನಂದಿಬಟ್ಟಲು, 4 ಅಡಿ ಅಂತರ. ಮುಂದೆ ಗಿಡ್ಡ ಜಾತಿಯ ಕೇಪಳ, ಒಂದೂವರೆ ಅಡಿಗೊಂದು. ಮೊದಲ ವರ್ಷ ಮಡಿ ಬೋಳಾಗಿ ಕಾಣುತ್ತದೆಂದು ಒತ್ತೊತ್ತಾಗಿ ನೆಡಬೇಡಿ. ನಡುವೆ ಚೆಂಡುಹೂ ಹಾಕಿಕೊಳ್ಳಿ. ಲಂಟಾನ ಬೇಡವೇ ಬೇಡ, ಅದು ನಮ್ಮ ಕಾಡುಗಳಿಗೆ ಮಾಡಿರುವ ಹಾನಿ ಸಾಕು.

ಅಂಚಿಗೆ ಇಟ್ಟಿಗೆ ಜೋಡಿಸಿದರೆ ಸಂದಿಯಲ್ಲೇ ಗರಿಕೆ ನುಸುಳುತ್ತದೆ. ಬದಲಿಗೆ 4 ಇಂಚು ಆಳದ ಸಣ್ಣ ಕಾಲುವೆ ತೆಗೆಯಿರಿ: ಹುಲ್ಲಿನ ಕಡೆ ನೆಟ್ಟಗೆ, ಮಡಿಯ ಕಡೆ ಇಳಿಜಾರು. ದಾಟಿ ಬರುವ ಬಳ್ಳಿ ಕಣ್ಣಿಗೆ ಬೀಳುತ್ತದೆ, ಅಲ್ಲೇ ಕತ್ತರಿಸಬಹುದು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ, ಬೇಸಿಗೆಯಲ್ಲಿ ಎರಡು ತಿಂಗಳಿಗೊಮ್ಮೆ ಈ ಅಂಚನ್ನು ಹೊಸದಾಗಿ ಕಡಿಯಬೇಕು. ಇದೊಂದನ್ನು ತಪ್ಪಿಸಬಾರದು.

ಒಣ ಎಲೆಯ ಹೊದಿಕೆ 3 ಇಂಚು ದಪ್ಪವಿರಲಿ, ಕಾಂಡದಿಂದ ಮಾತ್ರ ಸ್ವಲ್ಪ ದೂರ. ತಾಗಿಕೊಂಡಿದ್ದರೆ ಬುಡ ಕೊಳೆಯುತ್ತದೆ, ಗೆದ್ದಲೂ ಬರುತ್ತದೆ.

ದಾಸವಾಳದ ಕುಡಿಯಲ್ಲಿ ಬಿಳಿ ಹಿಟ್ಟು ತಿಗಣೆ ಕಂಡರೆ ಆ ಕುಡಿಯನ್ನು ಕತ್ತರಿಸಿ ತೆಗೆದು, ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆಯನ್ನು ಸ್ವಲ್ಪ ಸೋಪಿನ ನೀರಿನೊಂದಿಗೆ ಕಲಸಿ ಸಂಜೆ ಸಿಂಪಡಿಸಿ. ಕೇಪಳದ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಅದು ಕಬ್ಬಿಣದ ಕೊರತೆ. ಗಡಸು ಬೋರ್‌ವೆಲ್ ನೀರಿನಲ್ಲಿ ಹೀಗಾಗುವುದು ಸಾಮಾನ್ಯ. ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಬೆರೆಸಿ ಎಲೆಗೆ ಸಿಂಪಡಿಸಿ, ಮಳೆನೀರು ಸಿಕ್ಕಾಗ ಅದನ್ನೇ ಹಾಯಿಸಿ. ಕೇಪಳವನ್ನು ಬೇಲಿಯಂತೆ ಮಟ್ಟಸವಾಗಿ ಸವರಲೂಬೇಡಿ: ಹೂ ಬಿಡುವುದು ತುದಿಯಲ್ಲೇ. ಹೂ ಮುಗಿದ ಗೊಂಚಲಿನ ಕೆಳಗೆ ಒಂದೊಂದಾಗಿ ಕತ್ತರಿಸಿದರೆ ಅಲ್ಲಿಂದಲೇ ಎರಡು ಕವಲು ಒಡೆಯುತ್ತದೆ.