ಕವ್ಕ ಹಕ್ಕಿಯ ಹೆಸರಿನ ಜಾಡು ಹಿಡಿದದ್ದು ಹೀಗೆ

ಪ್ರಾಗ್‌ನಲ್ಲಿ ಕೆಲಸಕ್ಕಿದ್ದಾಗ ನಾನು ಚೆಕ್ ಭಾಷೆ ಕಲಿತದ್ದು ಹಕ್ಕಿ ಹೆಸರುಗಳ ಬೆನ್ನು ಹತ್ತಿ. ವ್ಯಾಕರಣದ ಪುಸ್ತಕ ತೆರೆದರೆ ನಿದ್ದೆ ಬರುತ್ತಿತ್ತು. ಈ ಹೆಸರುಗಳಲ್ಲಿ ಜಾಸ್ತಿ ತಲೆ ತಿಂದದ್ದು ಕವ್ಕ.

ಕಾಗೆ ಜಾತಿಯದೇ, ಗಾತ್ರದಲ್ಲಿ ಹೆಚ್ಚುಕಮ್ಮಿ ಪಾರಿವಾಳದಷ್ಟು. ಚರ್ಚಿನ ಗೋಪುರ, ಹಳೆ ಚಿಮಣಿಗಳ ಸಂದಿಯಲ್ಲಿ ಗೂಡು. ಕತ್ತಿನ ಹಿಂದೆ ಬೂದು ಬಣ್ಣ ನಮ್ಮ ಊರಕಾಗೆಗೂ ಇದೆ, ಆದರೆ ಇದರ ಕಣ್ಣು ಬಿಳಿಚು. ಒಮ್ಮೆ ನೋಡಿದರೆ ಮರೆಯಲ್ಲ.

ನಿಘಂಟು ತೆಗೆಯುವ ಮೊದಲು ಪದವನ್ನು ಬಾಯಲ್ಲಿ ಆಡಿಸಿ ನೋಡುವುದು ನನ್ನ ಪದ್ಧತಿ. ಬರವಣಿಗೆಯಲ್ಲಿ ‘ವ್’ ಇದೆ, ಆದರೆ ಚೆಕ್ ಜನ ಹೇಳುವುದು ‘ಕಫ್ಕ’. ಮುಂದೆ ‘ಕ’ ಇದ್ದರೆ ಅವರ ಬಾಯಲ್ಲಿ ‘ವ್’ ಅನ್ನುವುದು ‘ಫ್’ ಆಗಿಬಿಡುತ್ತದೆ. ‘ಕವ್ಕಗಳ’ ಅನ್ನಬೇಕಾದರೆ ‘ಕವೆಕ್’, ಅಲ್ಲಿ ನಡುವೆ ‘ಎ’ ನುಸುಳಿದ್ದೇ ತಡ, ‘ವ’ ವಾಪಸ್! ಸ್ಲೋವಾಕರು ಅದೇ ಕಾಗುಣಿತವನ್ನು ‘ಕೌಕ’ ಎಂದು ಓದುತ್ತಾರೆ. ನನ್ನ ಕಿವಿಗೆ ಹಕ್ಕಿಯ ಕೂಗಿಗೆ ಹತ್ತಿರ ಅನ್ನಿಸಿದ್ದು ಇದೇ.

ಇಷ್ಟು ತಿಳಿದ ಮೇಲೆ 1883ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿದ ಲೇಖಕ ಫ್ರಾನ್ಸ್ ಕಾಫ್ಕಾ ಅವರ ಮನೆತನದ ಹೆಸರಿಗೆ ‘ಫ್’ ಎಲ್ಲಿಂದ ಬಂತು ಅಂತ ಕೇಳಬೇಕಿಲ್ಲ ಅಲ್ವಾ? ಬಾಯಲ್ಲಿದ್ದದ್ದನ್ನೇ ಜರ್ಮನ್ ಕಾಗುಣಿತ ಬರೆದುಕೊಂಡಿದೆ. ಅವರ ತಂದೆ ಹೆರ್ಮಾನ್ ಅವರ ಅಂಗಡಿಯ ಲಾಂಛನವೂ ಇದೇ ಹಕ್ಕಿ. ಆದರೆ ಲಾಂಛನ ನೋಡಿ ಮೂಲ ಸಿಕ್ಕಿತು ಅನ್ನುವ ಹಾಗಿಲ್ಲ. ಯಹೂದಿ ಮನೆತನಗಳಲ್ಲಿ ಇದು ಯಾಕೋಬ್ ಎಂಬ ಹೆಸರಿನ ಮುದ್ದು ರೂಪದಿಂದ ಬಂದಿರಬಹುದು ಎಂಬ ವಾದವೂ ಇದೆ. ಮನೆಯವರು ಅದನ್ನು ಹಕ್ಕಿ ಅಂದುಕೊಂಡಿದ್ದರು ಅನ್ನುವುದಕ್ಕಷ್ಟೇ ಅಂಗಡಿಯ ಗುರುತು ಸಾಕ್ಷಿ.

ಆಮೇಲೆ ನೆರೆಭಾಷೆ. ಪೋಲಿಷ್‌ನಲ್ಲೂ ಇದೇ ಹೆಸರು. ಕೂಗಿನಿಂದಲೇ ಹುಟ್ಟಿದ ಪದ ಎಂಬುದು ನಿಘಂಟುಗಳ ಮಾತು. ಕನ್ನಡದವರು ಇಲ್ಲಿ ಹುಷಾರಾಗಿರಬೇಕು: ಕಾಗೆ, ಕವ್ಕ, ಎರಡೂ ‘ಕ’ದಿಂದ ಶುರು, ಸಂಬಂಧ ಇದ್ದೇ ಇದೆ ಅಂತ ಕೈ ತುರಿಸುತ್ತದೆ. ಕೂಗಿನಿಂದ ಬಂದ ಹೆಸರುಗಳು ಯಾವ ನೆಂಟಸ್ತನವೂ ಇಲ್ಲದೆ ಹೋಲುತ್ತವೆ, ಅದಕ್ಕೇ ಇಂಥ ಜೋಡಿಗಳನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಕೊನೆಗೆ ನೋಡುವುದು ಆಡುಮಾತಿನ ಅರ್ಥ. ಚೆಕ್‌ನಲ್ಲಿ ಸುಲಭವಾಗಿ ಟೋಪಿ ಹಾಕಿಸಿಕೊಳ್ಳುವವನೂ ಕವ್ಕನೇ. ನಮ್ಮ ‘ಬಕ್ರಾ’ ಇದ್ದ ಹಾಗೆ. ಪೇಟೆಯಲ್ಲಿ ಈ ಪದ ಕಿವಿಗೆ ಬಿದ್ದರೆ ಗೋಪುರದ ಕಡೆ ತಲೆ ಎತ್ತುವ ಮುಂಚೆ ಸುಮ್ನೆ ಒಮ್ಮೆ ಜೇಬು ಮುಟ್ಟಿ ನೋಡಿಕೊಳ್ಳಿ.