ನೂರಿಪ್ಪತ್ತು ಷೇರು, ಎರಡು ನಿಮಿಷದ ಮಾತು

ಅಪ್ಪ ತೀರಿಕೊಂಡ ಮೇಲೆ ಅವರ ಕಬ್ಬಿಣದ ಪೆಟ್ಟಿಗೆ ತೆಗೆದರೆ ತೋಟದ ಪಹಣಿ, ಮಂಡಿಯ ಹಳೇ ಪಟ್ಟಿಗಳ ನಡುವೆ ಒಂದು ಕಂಪನಿಯ 120 ಷೇರಿನ ಪತ್ರಗಳಿದ್ದವು. ಅವನ್ನು ನನ್ನ ಹೆಸರಿಗೆ ಮಾಡಿಸಿ ಡಿಮ್ಯಾಟ್‌ಗೆ, ಅಂದರೆ ಷೇರನ್ನು ಕಂಪ್ಯೂಟರಿನ ಲೆಕ್ಕದಲ್ಲಿ ಇಡುವ ಖಾತೆಗೆ, ಹಾಕಿಸಿದ್ದು ಬೇರೆಯೇ ಕಥೆ. ಅದು ಈಗ ಬೇಡ.

ಮೊದಮೊದಲು ನನಗೆ ಸುದ್ದಿ ಬರುತ್ತಿದ್ದದ್ದು ವಾಟ್ಸಾಪಿನಲ್ಲಿ. 'ರಿಸಲ್ಟ್ ಜೋರಾಗಿದೆಯಂತೆ', 'ದೊಡ್ಡ ಆರ್ಡರ್ ಸಿಕ್ಕಿದೆಯಂತೆ'. ಈ 'ಅಂತೆ' ತೀರ್ಥಹಳ್ಳಿ ದಾಟಿ ನಮ್ಮೂರು ಮುಟ್ಟುವಷ್ಟರಲ್ಲಿ ಷೇರಿನ ಬೆಲೆ ಏರಿ ಇಳಿದಾಗಿರುತ್ತಿತ್ತು. ಆಮೇಲೆ ಷೇರು ಕೊಡು-ಕೊಳ್ಳುವಿಕೆ ನಡೆಯುವ ಎಕ್ಸ್‌ಚೇಂಜಿನ ವೆಬ್‌ಸೈಟಿನಲ್ಲೇ ಕಂಪನಿ ಹಾಕುವ ಪ್ರಕಟಣೆಗಳನ್ನು ನೋಡುವುದು ಕಲಿತೆ. ಬೋರ್ಡ್ ಮೀಟಿಂಗ್ ಮುಗಿದ 30 ನಿಮಿಷದೊಳಗೆ ಮೂರು ತಿಂಗಳ ಲಾಭ-ನಷ್ಟದ ಫಲಿತಾಂಶ ಅಲ್ಲಿರಬೇಕು, ವಹಿವಾಟಿನ ಹೊತ್ತು ಮೀರಿ ಮುಗಿದರೆ 3 ಗಂಟೆಯೊಳಗೆ. ದುಡ್ಡು ಕೊಡಬೇಕಿಲ್ಲ, ಯಾರನ್ನೂ ಕೇಳಬೇಕಿಲ್ಲ.

ಆದರೆ ನಿಜವಾದ ಮಾತು ಇರುವುದು ಫಲಿತಾಂಶದ ಹಾಳೆಯಲ್ಲಲ್ಲ, ಅದಾದ ಮೇಲೆ ಆಡಳಿತದವರು ವಿಶ್ಲೇಷಕರ, ಅಂದರೆ ದೊಡ್ಡ ಹೂಡಿಕೆದಾರರಿಗಾಗಿ ಕಂಪನಿಗಳನ್ನು ಅಳೆದು ನೋಡುವವರ, ಜೊತೆ ನಡೆಸುವ ಫೋನ್ ಮಾತುಕತೆಯಲ್ಲಿ. 2022ರ ಏಪ್ರಿಲ್‌ನಿಂದ ಅದರ ಧ್ವನಿಮುದ್ರಣವನ್ನು ಮುಂದಿನ ವಹಿವಾಟಿನ ದಿನಕ್ಕೆ ಮುಂಚೆ ಅಥವಾ 24 ಗಂಟೆಯೊಳಗೆ, ಯಾವುದು ಮೊದಲೋ ಆಗ, ಹಾಕುವುದು ಕಡ್ಡಾಯ. ಆ ಮಾತನ್ನೆಲ್ಲ ಬರಹಕ್ಕಿಳಿಸಿದ ಟ್ರಾನ್ಸ್‌ಕ್ರಿಪ್ಟ್‌ಗೆ 5 ಕೆಲಸದ ದಿನ. ನಾನು ಕೇಳುವುದಿಲ್ಲ, ಓದುತ್ತೇನೆ. ಆಗಸ್ಟಿನ ಮಳೆಯಲ್ಲಿ ನಮ್ಮಲ್ಲಿ ಆಡಿಯೋ ಎಲ್ಲಿ ಓಡುತ್ತದೆ?

ಹಾಗೆ ಓದುವಾಗ ಒಂದು ಸಾಲಿಗೆ ಕಣ್ಣು ನಿಂತಿತು. ವಿಶ್ಲೇಷಕರೊಬ್ಬರು ಕೇಳಿದ್ದರು: ಹೋದ ತಿಂಗಳು ನಿಮ್ಮನ್ನು ಭೇಟಿ ಮಾಡಿದಾಗ ಹೊಸ ಘಟಕ ಎರಡು ತ್ರೈಮಾಸಿಕ ತಡ ಅಂದಿದ್ದಿರಿ, ಈಗಲೂ ಹಾಗೆಯೇನಾ? ಆಡಳಿತದವರು 'ಕೆಲಸ ನಡೀತಿದೆ' ಎಂದು ಮುಂದಿನ ಪ್ರಶ್ನೆಗೆ ದಾಟಿದರು. ಹಿಂದಿನ ಮೂರು ತಿಂಗಳ ಪ್ರಕಟಣೆಗಳನ್ನೆಲ್ಲ ತೆಗೆದು ನೋಡಿದೆ. ಘಟಕ ತಡವಾಗುವ ವಿಷಯ ಎಲ್ಲೂ ಇಲ್ಲ. ವಾರ್ಷಿಕ ವರದಿಯಲ್ಲಿ ಉತ್ಪಾದನೆ ಶುರುವಾಗುವುದು ಮುಂದಿನ ಮಾರ್ಚ್ ಎಂದೇ ಇದೆ.

ಶಿವಮೊಗ್ಗದ ಮಂಡಿಯಲ್ಲಿ ನಮ್ಮ ರಾಶಿ ಅಡಿಕೆಯನ್ನು ಖರೀದಿದಾರರೆಲ್ಲ ನೋಡಿದ ಮೇಲೆ ಟೆಂಡರ್ ಹಾಕುವುದು. ಒಬ್ಬನಿಗೆ ಮಾತ್ರ ಚೀಲದ ಬಾಯಿ ಬಿಚ್ಚಿ ತೋರಿಸಿದರೆ ಉಳಿದವರು ಸುಮ್ಮನಿರುತ್ತಾರಾ? ಷೇರುಪೇಟೆಯ ಮೇಲೆ ಕಣ್ಣಿಡುವ ಸೆಬಿಯ 2015ರ ಒಳವ್ಯಾಪಾರ ತಡೆ ನಿಯಮ ಹೇಳುವುದೂ ಇದನ್ನೇ. ಬೆಲೆ ಏರಿಳಿಸಬಲ್ಲ, ಇನ್ನೂ ಹೊರಬೀಳದ ಒಳಸುದ್ದಿ ಆಯ್ದ ಕೆಲವರಿಗೆ ಮಾತ್ರ ಸಿಗಬಾರದು. ಕೈತಪ್ಪಿ ಸಿಕ್ಕಿದ್ದರೂ ತಕ್ಷಣ ಎಲ್ಲರಿಗೂ ಗೊತ್ತು ಮಾಡಬೇಕು. ಹೀಗೆಂದು ಪ್ರತಿ ಲಿಸ್ಟೆಡ್ ಕಂಪನಿಯೂ ತನ್ನದೇ ಸಂಹಿತೆ ಬರೆದು ವೆಬ್‌ಸೈಟಿನಲ್ಲಿ ಹಾಕಿರಬೇಕು. ಇವರೂ ಹಾಕಿದ್ದರು, ಚೆಂದದ ಇಂಗ್ಲಿಷಿನಲ್ಲಿ.

ಕಂಪನಿ ಸೆಕ್ರೆಟರಿಗೆ ಇಮೇಲ್ ಬರೆದೆ. ಮೊದಲ ಕರಡು ಬೈಗುಳದ ಹಾಗಿತ್ತು. ಮಗಳು ಅರ್ಧ ಅಳಿಸಿದಳು. ಉಳಿದದ್ದು ಟ್ರಾನ್ಸ್‌ಕ್ರಿಪ್ಟಿನ ಪುಟಸಂಖ್ಯೆ, ಆ ಸಾಲು, ಅವರದೇ ಸಂಹಿತೆಯ ಕಲಮು, ಒಂದು ಪ್ರಶ್ನೆ: ಉತ್ಪಾದನೆ ಶುರುವಾಗುವ ದಿನ ಮುಂದೆ ಹೋಗಿದ್ದರೆ ಎಕ್ಸ್‌ಚೇಂಜಿಗೆ ಯಾವತ್ತು ತಿಳಿಸಿದಿರಿ? ಎರಡು ವಾರದ ಮೇಲೆ ಉತ್ತರ ಬಂತು. ಎಲ್ಲವೂ ನಿಯಮದ ಪ್ರಕಾರವೇ ಇದೆಯಂತೆ. ದಿನಾಂಕ ಮಾತ್ರ ಇಲ್ಲ.

ಸೆಬಿಯ ಆನ್‌ಲೈನ್ ದೂರು ವ್ಯವಸ್ಥೆಯಾದ ಸ್ಕೋರ್ಸ್‌ಗೆ ದೂರು ಕೊಡುವ ದಾರಿಯಿತ್ತು. ಅದಕ್ಕೆ ಮುಂಚೆ ವಾರ್ಷಿಕ ಮಹಾಸಭೆಯಲ್ಲೇ ಕೇಳಿಬಿಡೋಣ ಎನಿಸಿತು. ಈಗ ಸಭೆ ವಿಡಿಯೋದಲ್ಲಿ. ಮಾತಾಡಬೇಕೆಂದರೆ ಮೊದಲೇ ಹೆಸರು ನೋಂದಾಯಿಸಬೇಕು. ನೋಟಿಸಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ, ಹೆಚ್ಚಿನವರು ಎಡವುವುದು ಅಲ್ಲಿಯೇ.

ಸಭೆಯ ದಿನ ಕೊಳೆರೋಗಕ್ಕೆ ಎರಡನೇ ಸಲ ಬೋರ್ಡೋ ಔಷಧಿ ಹೊಡೆಸುತ್ತಿದ್ದೆ. ಮನೆಯಲ್ಲಿ ಕರೆಂಟಿಲ್ಲ. ಕೊಡೆ ಹಿಡಿದು ಗುಡ್ಡದ ಮೇಲೆ, ಎರಡು ಕಡ್ಡಿ ಸಿಗ್ನಲ್ ಬರುವ ಮತ್ತಿಮರದ ಬುಡಕ್ಕೆ ಹೋದೆ. ಪಕ್ಕದ ತೋಟದ ಭಟ್ಟರೂ ಹಿಂದೆಯೇ ಬಂದರು. 'ಮಾರಾಯ್ರೆ, ನೂರಿಪ್ಪತ್ತು ಷೇರಿಗೆ ಇಷ್ಟು ದೊಡ್ಡ ರಾಮಾಯಣವಾ?'

ನನಗಿಂತ ಮುಂಚೆ ಮಾತಾಡಿದವರು ಅಧ್ಯಕ್ಷರನ್ನು ಹೊಗಳಿ, ಹಿಂದೆ ಸಭಾಂಗಣದಲ್ಲಿ ಸಭೆ ನಡೆದಾಗ ಕೊಟ್ಟ ಸಿಹಿ ಪೊಟ್ಟಣ ನೆನೆಸಿಕೊಂಡರು. ನನಗೆ ಸಿಕ್ಕಿದ್ದು 2 ನಿಮಿಷ. ನಮಸ್ಕಾರ ಬಿಟ್ಟು ನೇರ ಪ್ರಶ್ನೆಗೇ ಹೋದೆ: ಪುಟ ಹನ್ನೊಂದು, ಈ ಸಾಲು, ಮಾರ್ಚ್ ಹೌದೋ ಅಲ್ಲವೋ? ವಿಡಿಯೋ ನಿಂತುಹೋಯಿತು, ದನಿ ಮಾತ್ರ ಹೋಗುತ್ತಿತ್ತು. ಅಧ್ಯಕ್ಷರು ಪಕ್ಕದವರ ಮುಖ ನೋಡಿ, 'ಪರಿಶೀಲಿಸಿ ಅಗತ್ಯವಿದ್ದರೆ ಎಕ್ಸ್‌ಚೇಂಜಿಗೆ ತಿಳಿಸುತ್ತೇವೆ' ಎಂದರು.

ನಾಲ್ಕನೇ ದಿನ ಸಂಜೆ ಅರ್ಧ ಪುಟದ ಪ್ರಕಟಣೆ ಬಂತು. ಘಟಕ ಮುಂದಿನ ವರ್ಷದ ಸೆಪ್ಟೆಂಬರಿಗೆ ಹೋಗಿದೆ. ಮರುದಿನ ಷೇರು ಬಿತ್ತು, ನನ್ನ 120 ಕೂಡ.

'ಕೇಳಿ ನಷ್ಟ ಮಾಡ್ಕೊಂಡ್ರಲ್ಲ' ಎಂದರು ಭಟ್ಟರು. ಲೆಕ್ಕ ಸರಿಯೇ. ಆದರೆ ಆ ವಿಶ್ಲೇಷಕರ ಕಡೆಯವರು ಮಾರಿದ್ದರೆ ಮೊದಲೇ ಮಾರಿರುತ್ತಿದ್ದರು, ಕೊಂಡವರು ನಮ್ಮಂಥವರೇ. ಅದನ್ನು ಅವರಿಗೆ ಹೇಳಿದೆ. 'ಹೌದನಾ' ಅಂದು ಸುಮ್ಮನಾದರು.

ನವೆಂಬರಿನ ಟ್ರಾನ್ಸ್‌ಕ್ರಿಪ್ಟ್ ಬಂದಾಗ ಕೊಯ್ಲು ಶುರುವಾಗಿತ್ತು. ಅಡಿಕೆ ಸುಲಿಯುವವರ ಪಕ್ಕ ಕೂತು ಓದಿದೆ. ಅದೇ ವಿಶ್ಲೇಷಕರು ಘಟಕದ ಬಗ್ಗೆ ಇನ್ನಷ್ಟು ಕೆದಕಿದ್ದರು. ಉತ್ತರ: 'ಎಕ್ಸ್‌ಚೇಂಜಿಗೆ ತಿಳಿಸಿದ್ದಕ್ಕಿಂತ ಹೆಚ್ಚು ಹೇಳಲಾಗದು.' ಆ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದೆ. ಕೈಗೆ ಅಡಿಕೆಯ ಚೊಗರು ಹತ್ತಿತ್ತು, ಹಾಳೆಗೂ ಅಂಟಿತು.