ಕರಗಿತೋ, ಒಡೆಯಿತೋ?

ಲ್ಯಾಬಿನಲ್ಲಿ ಕರಗುವ ಬಿಂದು ನೋಡುವ ಕೆಲಸ ಶುರು ಮಾಡಿದಾಗ ನನ್ನ ಲೆಕ್ಕ ಸರಳವಾಗಿತ್ತು. ಪುಡಿ ದ್ರವವಾದರೆ ಸಾಕು, ಕರಗಿತು ಅಂತ ಬರೆದುಕೊಳ್ಳುತ್ತಿದ್ದೆ. ಬೆಂಜೋಯಿಕ್ ಆಮ್ಲ 122 ಡಿಗ್ರಿ ಸೆಲ್ಸಿಯಸ್‌ಗೆ ಕರಗಿತು. ಆರಲು ಬಿಟ್ಟೆ, ಗಟ್ಟಿಯಾಯಿತು. ಮತ್ತೆ ಬಿಸಿ ಮಾಡಿದರೆ ಮತ್ತೆ ಅದೇ 122.

ತಲೆ ಕೆಡಿಸಿದ್ದು ಸಕ್ಕರೆ. ಪುಸ್ತಕದಲ್ಲಿ 186 ಡಿಗ್ರಿ ಅಂತಿತ್ತು. ಸಣ್ಣ ಗಾಜಿನ ಕೊಳವೆಗೆ ತುಂಬಿ, ನಿಮಿಷಕ್ಕೆ 1 ಡಿಗ್ರಿಯಂತೆ ಏರಿಸಿದೆ. ಆ ಅಂಕಿ ಬರುವ ಎಷ್ಟೋ ಮೊದಲೇ ಸಕ್ಕರೆ ಮೆತ್ತಗಾಗಿ ಕಂದು ಬಣ್ಣಕ್ಕೆ ತಿರುಗಿತು. ಬೇಗ ಬೇಗ ಏರಿಸಿದಾಗ ಮೆತ್ತಗಾಗುವ ಅಂಕಿ ಮೊದಲಿಗಿಂತ ಹತ್ತು ಡಿಗ್ರಿಗೂ ಜಾಸ್ತಿ ಮೇಲೆ ಹೋಯಿತು. ಥರ್ಮಾಮೀಟರ್ ಮೇಲೇ ಅನುಮಾನ ಬಂತು. ಬೆಂಜೋಯಿಕ್ ಆಮ್ಲ ಹಾಕಿ ನೋಡಿದೆ, ಅದು ಸರಿಯಾಗೇ ಇತ್ತು.

ನಿಜವಾಗಿ ಕರಗುವ ವಸ್ತುವಿಗೆ ನೀವು ಎಷ್ಟು ಹೊತ್ತು ಕಾಯಿಸಿದಿರಿ ಅನ್ನುವುದು ಮುಖ್ಯವಲ್ಲ. ಬೇಗ ಕಾಯಿಸಿದರೆ ಒಂದೆರಡು ಡಿಗ್ರಿ ಆಚೀಚೆ ಆಗಬಹುದು, ಅಷ್ಟೇ. ಸಕ್ಕರೆಯಲ್ಲಿ ಆದಂತೆ ಅಣುಗಳೇ ಒಡೆಯುವಾಗ ಮಾತ್ರ ಬಿಸಿಯ ಜೊತೆ ಸಮಯವೂ ಲೆಕ್ಕಕ್ಕೆ ಬರುತ್ತದೆ. ನಿಧಾನವಾಗಿ ಕಾಯಿಸಿದಷ್ಟೂ ಒಡೆಯಲು ಹೆಚ್ಚು ಹೊತ್ತು ಸಿಗುತ್ತದೆ, ಅಲ್ವಾ? ಒಡೆದ ಚೂರುಗಳು ಕಲಬೆರಕೆಯಂತೆ ಸೇರಿಕೊಂಡು, ಉಳಿದದ್ದನ್ನೂ ಬೇಗ ಮೆತ್ತಗಾಗಿಸುತ್ತವೆ.

ಅಂದಿನಿಂದ ತಕ್ಕಡಿಯನ್ನು ಪಕ್ಕದಲ್ಲೇ ಇಟ್ಟುಕೊಂಡೆ. ಕಣ್ಣು ಮೋಸ ಹೋಗುತ್ತದೆ. ಅಡುಗೆ ಸೋಡಾ ಕಾಯಿಸಿ ನೋಡಿ: ಬಿಳಿ ಪುಡಿ ಬಿಳಿ ಪುಡಿಯಾಗಿಯೇ ಇರುತ್ತದೆ, ಆದರೆ 100 ಗ್ರಾಂ ಇದ್ದದ್ದು ಸುಮಾರು 63 ಗ್ರಾಂ ಆಗಿರುತ್ತದೆ. ನೀರಾವಿ, ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಉಳಿಯುವುದು ಸೋಡಿಯಂ ಕಾರ್ಬೊನೇಟ್. ಅದು ಕರಗಬೇಕಾದರೆ 851 ಡಿಗ್ರಿ ಬೇಕು.

ನಮ್ಮ ‘ಕರಗು’ ಅನ್ನುವ ಮಾತೂ ಸ್ವಲ್ಪ ಗೊಂದಲ ಮಾಡುತ್ತದೆ. ಬೆಣ್ಣೆಯೂ ಕರಗುತ್ತದೆ, ನೀರಿನಲ್ಲಿ ಉಪ್ಪೂ ಕರಗುತ್ತದೆ. ನೀರು ಹಿಡಿದಿಟ್ಟುಕೊಂಡ ಸೋಡಿಯಂ ಅಸಿಟೇಟ್ ಹರಳು 58 ಡಿಗ್ರಿಗೆ ದ್ರವವಾದಾಗ, ಬೆಣ್ಣೆಯಂತೆ ಕರಗಿತು ಅಂತ ನಾನು ಖುಷಿಯಿಂದ ಬರೆದುಕೊಂಡಿದ್ದೆ. ನಿಜಕ್ಕೂ ಅದು ಉಪ್ಪಿನಂತೆ ತನ್ನದೇ ನೀರಿನಲ್ಲಿ ಕರಗಿತ್ತು. ಇನ್ನೂ ಕಾಯಿಸಿದರೆ ನೀರು ಆರಿ ಮತ್ತೆ ಗಟ್ಟಿಯಾಯಿತು. ನೀರಿಲ್ಲದ ಆ ಪುಡಿ ಕರಗುವುದು 324 ಡಿಗ್ರಿಯ ಹತ್ತಿರ.

ಈಗ ದ್ರವವಾದ ಮೇಲೆ ಮೂರು ಕೆಲಸ ತಪ್ಪಿಸುವುದಿಲ್ಲ. ಬಣ್ಣ, ಗುಳ್ಳೆ ನೋಡುತ್ತೇನೆ. ತೂಕ ಹಾಕುತ್ತೇನೆ. ಆರಿಸಿ ಇನ್ನೊಮ್ಮೆ ಕಾಯಿಸುತ್ತೇನೆ. ಯೂರಿಯಾ 133 ಡಿಗ್ರಿಗೆ ಚೆನ್ನಾಗಿಯೇ ಕರಗುತ್ತದೆ. ಆದರೆ ಮತ್ತಷ್ಟು ಕಾಯಿಸಿದರೆ ಅಮೋನಿಯಾ ಹೊರಡುತ್ತದೆ, ಎರಡನೇ ಸಲ ಮೊದಲಿನ ಅಂಕಿ ಬರುವುದಿಲ್ಲ. ಅದರ ಮುಂದೆ ನಾನು ಬರೆಯುವುದು ಹೀಗೆ: ‘133, ಕರಗಿ ನಂತರ ವಿಭಜನೆ’, ಅಂದರೆ ಮೊದಲು ಕರಗಿತು, ಆಮೇಲೆ ಒಡೆಯಿತು.